ಪಿ.ಪಿ. ನಂಬರಿನ ಮನೆಗೆ ಫೋನು

ಬೆಂಗಳೂರಿನ ಇಂದಿರಾನಗರದ ಯಾವುದೋ ಅಡ್ಡರಸ್ತೆಯ ಮಹಡಿ ಮನೆ. ಅಲ್ಲೊಬ್ಬಳು ಸಾಫ್ಟ್‌ವೇರ್ ಬರೆಯುವ ಹುಡುಗಿ ಎಂದಿಟ್ಟುಕೊಳ್ಳಿ. ಅವಳ ಮೇಜಿನ ಕೆಳಗೆ 64 ಜಿಬಿ ರ‍್ಯಾಮಿನ ಕಂಪ್ಯೂಟರು, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು. ಮುಂಬಯಿಯ ಡೇಟಾ ಸೆಂಟರೊಂದರಲ್ಲಿ ತಿಂಗಳಿಗೆ ಐದಾರು ನೂರು ರೂಪಾಯಿ ಬಾಡಿಗೆಯ ಪುಟ್ಟ ಸರ್ವರು. ಪುಟ್ಟದಕ್ಕೆ ಜಗತ್ತಿಗೆಲ್ಲ ಕಾಣುವ ವಿಳಾಸವಿದೆ, ತ್ರಾಣವಿಲ್ಲ. ಮೇಜಿನ ಕೆಳಗಿನದಕ್ಕೆ ತ್ರಾಣವಿದೆ, ವಿಳಾಸವಿಲ್ಲ. ಅಷ್ಟೇ ತ್ರಾಣದ ಯಂತ್ರವನ್ನು ಕ್ಲೌಡಿನಲ್ಲಿ ಬಾಡಿಗೆ ಹಿಡಿದರೆ ತಿಂಗಳ ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ಹಾಗಾಗಿ ಉಪಾಯ ತಾನೇ ಹೊಳೆಯುತ್ತದೆ: ಹೊರಗಿನವರ ಜೊತೆ ಮಾತಾಡುವ ಕೆಲಸ ಮುಂಬಯಿಯದು, ಮೈಮುರಿಯುವ ಕೆಲಸ ಇಂದಿರಾನಗರದ್ದು. ಕೋಡ್ ಕಂಪೈಲ್ ಆಗಬೇಕೆ, ಟೆಸ್ಟ್ ಓಡಬೇಕೆ, ಸರ್ವರು ಮನೆಯ ಯಂತ್ರವನ್ನು ಕೂಗಲಿ.

ಕೂಗಿದರೆ ಕೇಳಿಸಬೇಕಲ್ಲ! ಮನೆಯಿಂದ ಮುಂಬಯಿಗೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಸಿಗುತ್ತದೆ. ಮುಂಬಯಿಯಿಂದ ಮನೆಗೆ ಬರಲು ದಾರಿಯೇ ಇಲ್ಲ.

ಕಾರಣ ಹಳೆಯದು. ನಾವೆಲ್ಲ ಇನ್ನೂ ನೆಚ್ಚಿಕೊಂಡಿರುವ ಐಪಿ ವಿಳಾಸಗಳ ನಾಲ್ಕನೇ ಆವೃತ್ತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರುವರಿ 3ರಂದು ಬರಿದಾಯಿತು. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಏಪ್ನಿಕ್ ಸಂಸ್ಥೆ ಅದೇ ವರ್ಷ ಏಪ್ರಿಲ್ 15ರಿಂದ ಉಳಿದದ್ದನ್ನು ಪಡಿತರದಂತೆ ಅಳೆದು ಕೊಡತೊಡಗಿತು. ನಮ್ಮಲ್ಲಿ ಮನೆಮನೆಗೆ ಫೈಬರ್ ಬಂದದ್ದು ಅದಾದ ಮೇಲೆ. ಊಟ ಮುಗಿದ ಮೇಲೆ ಪಂಕ್ತಿಗೆ ಬಂದವರು ನಾವು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಒಂದು ನಿಜವಾದ ವಿಳಾಸದ ಹಿಂದೆ ಹತ್ತಾರು, ಕೆಲವೆಡೆ ನೂರಾರು ಮನೆಗಳನ್ನು ಕೂರಿಸಿಬಿಟ್ಟವು. ಈ ಏರ್ಪಾಟಿನ ಹೆಸರು ಸಿಜಿನ್ಯಾಟ್. ಅದಕ್ಕೆಂದೇ 2012ರ ಏಪ್ರಿಲಿನಲ್ಲಿ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ತೆಗೆದಿರಿಸಲಾಯಿತು. ನಿಮ್ಮ ಮನೆಯ ರೂಟರಿನ ಪುಟ ತೆರೆದು ವ್ಯಾನ್ ವಿಳಾಸ ಎಂಬಲ್ಲಿ ನೋಡಿ. ಈ ಸಾಲಿನ ಸಂಖ್ಯೆಯೋ ಅಥವಾ 10ರಿಂದ ಶುರುವಾಗುವ ಸಂಖ್ಯೆಯೋ ಕಂಡರೆ ನೀವೂ ಆ ಪಂಕ್ತಿಯವರೇ.

ನಲವತ್ತು ದಾಟಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಕಾಲಕ್ಕೆ ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆ ಕರೆಯೋಲೆಯಲ್ಲೂ ಫೋನ್ ನಂಬರಿನ ಪಕ್ಕ ‘ಪಿ.ಪಿ.’ ಎಂದು ಇರುತ್ತಿತ್ತು. ಫೋನು ನಮ್ಮದಲ್ಲ, ಪಕ್ಕದ ಮನೆಯವರದ್ದು ಎಂದರ್ಥ. ಕೆ.ಆರ್. ಪುರದ ಪಕ್ಕ ದೂರವಾಣಿನಗರವಿದೆಯಲ್ಲ, ಅಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಕಪ್ಪು ಡಯಲ್ ಫೋನು ಮಾಡಿ ಕಳಿಸುತ್ತಿದ್ದರೂ ಅದೇ ಊರಿನವರು ಕನೆಕ್ಷನ್ನಿಗೆ ವರ್ಷಗಟ್ಟಲೆ ಕಾಯುತ್ತಿದ್ದರು. ಪಿ.ಪಿ. ನಂಬರಿಗೆ ಯಾರಾದರೂ ಕರೆ ಮಾಡಿದರೆ ಪಕ್ಕದ ಮನೆಯ ಆಂಟಿ ಬಾಲ್ಕನಿಯಿಂದ ಕೂಗಿ ಕರೆಯಬೇಕು. ಸಿಜಿನ್ಯಾಟಿನ ಯಂತ್ರ ಆ ಆಂಟಿಯಷ್ಟು ಒಳ್ಳೆಯದಲ್ಲ. ಯಾರನ್ನು ಕರೆಯಬೇಕೆಂದು ಗೊತ್ತಾಗದಿದ್ದರೆ ಸುಮ್ಮನೆ ಫೋನು ಇಟ್ಟುಬಿಡುತ್ತದೆ.

ಪಿ.ಪಿ. ಕಾಲದವರು ಕಂಡುಕೊಂಡ ದಾರಿಯೂ ನೆನಪಿರಬೇಕು. ಮಗ ಊರಿಗೆ ಕಾಗದ ಬರೆಯುತ್ತಿದ್ದ: ‘ನೀವು ಮಾಡಬೇಡಿ, ಭಾನುವಾರ ರಾತ್ರಿ ಎಸ್‌ಟಿಡಿ ಬೂತಿನಿಂದ ನಾನೇ ಮಾಡ್ತೀನಿ.’ ನಮ್ಮ ಸಮಸ್ಯೆಯ ಪರಿಹಾರ ಈ ಒಂದು ಸಾಲಿನಲ್ಲೇ ಇದೆ. ಮುಂಬಯಿ ಮನೆಯನ್ನು ಹುಡುಕಿಕೊಂಡು ಬರುವುದು ಬೇಡ, ಮನೆಯೇ ಮುಂಬಯಿಗೆ ಕರೆ ಮಾಡಲಿ, ಆ ಕರೆಯನ್ನು ಇಡದೆ ಹಿಡಿದುಕೊಂಡೇ ಇರಲಿ. ಒಮ್ಮೆ ತೆರೆದ ಕರೆಯಲ್ಲಿ ಎರಡೂ ಕಡೆಯವರು ಮಾತಾಡಬಹುದು.

ಹಾಗಿದ್ದರೂ ಯಾರನ್ನು ಕೇಳಿದರೂ ಮೊದಲು ಕೊಡುವ ಸಲಹೆ ಬೇರೆ: ರೂಟರಿನಲ್ಲಿ ಪೋರ್ಟ್ ತೆರೆಯಿರಿ, ಬದಲಾಗುವ ವಿಳಾಸಕ್ಕೆ ಡೈನಮಿಕ್ ಡಿಎನ್‌ಎಸ್ ಹೆಸರು ಕೊಡಿ. ವಿಳಾಸವೇ ನಮ್ಮದಲ್ಲದ ಮೇಲೆ ಅದಕ್ಕೆ ಹೆಸರಿಟ್ಟು ಏನು ಬಂತು? ಹೆಚ್ಚಿನ ದುಡ್ಡು ಕೊಟ್ಟರೆ ಕೆಲವು ಕಂಪನಿಗಳು ಸ್ಟ್ಯಾಟಿಕ್ ಐಪಿ ಕೊಡುತ್ತವೆ, ನಿಜ. ಆದರೆ ಲೋಕಕ್ಕೆಲ್ಲ ಕಾಣುವ ವಿಳಾಸದಲ್ಲಿ ದೂರದಿಂದ ಲಾಗಿನ್ ಆಗುವ 22ನೇ ಪೋರ್ಟ್ ತೆರೆದಿಟ್ಟರೆ ಗಂಟೆ ಕಳೆಯುವುದರೊಳಗೆ ಯಾವ್ಯಾವುದೋ ದೇಶದ ಬಾಟ್‌ಗಳು ಪಾಸ್‌ವರ್ಡ್ ಊಹಿಸಲು ಸಾಲುಗಟ್ಟುತ್ತವೆ. ಹಾಲಿನಲ್ಲಿ ಟಿವಿ, ಮಕ್ಕಳ ಟ್ಯಾಬ್, ಸಿಸಿಟಿವಿ ಎಲ್ಲ ಅದೇ ವೈಫೈಯಲ್ಲಿ ಇರುವಾಗ ಆ ಬಾಗಿಲು ತೆರೆಯುವುದು ನನಗೆ ಸರಿಕಾಣದು. ಆರನೇ ಆವೃತ್ತಿಯ ಐಪಿ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಅದರಲ್ಲಿ ವಿಳಾಸಕ್ಕೆ ಬರವಿಲ್ಲ. ಆದರೆ ಒಳಬರುವ ಕರೆಗಳನ್ನು ರೂಟರು ತಡೆಯುತ್ತದೆ, ಕನೆಕ್ಷನ್ ಹೊಸದಾಗಿ ಹುಟ್ಟಿದಾಗ ವಿಳಾಸವೂ ಬದಲಾಗಬಹುದು. ನೆಚ್ಚಿಕೊಳ್ಳುವಂತಿಲ್ಲ.

ಮನೆಯಿಂದ ಕರೆ ಮಾಡುವ ಹಳೆಯ ಸಾಧನ ಎಸ್‌ಎಸ್‌ಎಚ್. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಉಲೋನೆನ್ 1995ರಲ್ಲಿ ಇದನ್ನು ಬರೆದರು. ಅಲ್ಲಿಯ ನೆಟ್‌ವರ್ಕಿನಲ್ಲಿ ಯಾರೋ ಕಳ್ಳಗಿವಿಯಿಟ್ಟು ಪಾಸ್‌ವರ್ಡುಗಳನ್ನು ಕದ್ದದ್ದೇ ಅದಕ್ಕೆ ಪ್ರೇರಣೆ. ಇದರಲ್ಲಿ ‘ಆರ್’ ಎಂಬ ಆಯ್ಕೆಯೊಂದಿದೆ. ಮನೆಯ ಯಂತ್ರ ಸರ್ವರಿಗೆ ಹೋಗಿ, ‘ನಿನ್ನ 2222ನೇ ಪೋರ್ಟಿಗೆ ಯಾರಾದರೂ ಬಂದರೆ ಈ ಕರೆಯ ಮೂಲಕವೇ ನನ್ನ 22ಕ್ಕೆ ಕಳಿಸು’ ಎಂದು ಹೇಳಿಡುತ್ತದೆ. ಅಷ್ಟಾದರೆ ಮುಂಬಯಿಯಲ್ಲಿ ಕುಳಿತು ತನ್ನದೇ 2222ನ್ನು ತಟ್ಟಿದರೆ ಇಂದಿರಾನಗರದ ಬಾಗಿಲು ತೆರೆಯುತ್ತದೆ. ಹತ್ತು ನಿಮಿಷದ ಕೆಲಸ. ಮೊದಲ ದಿನ ಎಲ್ಲರದೂ ಓಡುತ್ತದೆ.

ಕೈಕೊಡುವುದು ಮೂರನೇ ದಿನ, ನೀವು ಮನೆಯಲ್ಲಿಲ್ಲದಾಗ. ಏನಾಗುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಕಂಪನಿಯ ಸಿಜಿನ್ಯಾಟ್ ಯಂತ್ರ ಪ್ರತಿ ಮನೆಯ ಪ್ರತಿ ಸಂಪರ್ಕಕ್ಕೂ ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಂಡಿರುತ್ತದೆ. ಸ್ವಲ್ಪ ಹೊತ್ತು ಯಾವ ಮಾತೂ ಇಲ್ಲದಿದ್ದರೆ ಜಾಗ ಉಳಿಸಲು ಆ ಸಾಲನ್ನು ಅಳಿಸಿಹಾಕುತ್ತದೆ. ಅಳಿಸಿದೆ ಎಂದು ಯಾರಿಗೂ ಹೇಳುವುದಿಲ್ಲ. ಮನೆಯ ಯಂತ್ರ ಕರೆ ಜೀವಂತವಾಗಿದೆ ಎಂದೇ ನಂಬಿ ಕೂತಿದೆ, ಮುಂಬಯಿಯದೂ ಅದೇ ನಂಬಿಕೆ. ನಡುವೆ ತಂತಿಯೇ ಇಲ್ಲ. ಇದಕ್ಕೆ ಮದ್ದು ಸುಮ್ಮನಿರದೆ ಆಗಾಗ ‘ಹಲೋ’ ಅನ್ನುತ್ತಿರುವುದು. ಎಸ್‌ಎಸ್‌ಎಚ್‌ನಲ್ಲಿ ‘ಸರ್ವರ್ ಅಲೈವ್ ಇಂಟರ್‌ವಲ್’ ಎಂಬುದನ್ನು 30 ಸೆಕೆಂಡಿಗೆ ಇಡಿ. ಮೂರು ಹಲೋಗೆ ಉತ್ತರ ಬರದಿದ್ದರೆ ಕರೆ ಮುಗಿಸು ಎಂದೂ ಹೇಳಿ.

ಇನ್ನೊಂದು ತೊಡಕು ಇದಕ್ಕಿಂತ ಕಿಲಾಡಿ. ಕರೆ ಕಡಿದುಹೋಯಿತು, ಮನೆಯ ಯಂತ್ರ ಜಾಣತನದಿಂದ ಹೊಸ ಕರೆ ಮಾಡಿತು. ಆದರೆ ಸರ್ವರಿನಲ್ಲಿ ಹಳೆಯ ಕರೆಯ ಹೆಣ ಇನ್ನೂ 2222ನೇ ಪೋರ್ಟನ್ನು ಅಪ್ಪಿಕೊಂಡು ಮಲಗಿದೆ. ಹೊಸ ಕರೆಗೆ ಪೋರ್ಟ್ ಸಿಗಲಿಲ್ಲ. ಎಸ್‌ಎಸ್‌ಎಚ್ ಒಂದು ಸಾಲಿನ ಎಚ್ಚರಿಕೆ ಬರೆದು, ಪೋರ್ಟ್ ಇಲ್ಲದೆಯೇ ಸಂಪರ್ಕವನ್ನು ಆರಾಮಾಗಿ ಉಳಿಸಿಕೊಳ್ಳುತ್ತದೆ. ಮನೆಯಲ್ಲಿ ನೋಡಿದರೆ ಎಲ್ಲ ಹಸಿರು, ಮುಂಬಯಿಯಿಂದ ತಟ್ಟಿದರೆ ಉತ್ತರವಿಲ್ಲ. ಪೋರ್ಟ್ ಸಿಗದಿದ್ದರೆ ಕೂಡಲೇ ಸಾಯಬೇಕು ಎಂಬ ಆಯ್ಕೆ, ‘ಎಕ್ಸಿಟ್ ಆನ್ ಫಾರ್ವರ್ಡ್ ಫೇಲ್ಯೂರ್’, ಇರುವುದು ಇದಕ್ಕೇ. ಜೊತೆಗೆ ಸರ್ವರಿನ ಕಡೆಯಿಂದಲೂ ಸತ್ತ ಕರೆಗಳನ್ನು ಬೇಗ ಗುರುತಿಸುವ ಹಾಗೆ ‘ಕ್ಲೈಂಟ್ ಅಲೈವ್ ಇಂಟರ್‌ವಲ್’ ಹಾಕಬೇಕು. ಸತ್ತದ್ದನ್ನು ಮತ್ತೆ ಎಬ್ಬಿಸುವ ಕೆಲಸವನ್ನು ಲಿನಕ್ಸಿನ ಸಿಸ್ಟಮ್‌ಡಿಗೆ ವಹಿಸಿ, ಎಷ್ಟು ಸಲ ಬಿದ್ದರೂ ಹತ್ತು ಸೆಕೆಂಡು ಬಿಟ್ಟು ಮತ್ತೆ ಎಬ್ಬಿಸು ಎಂದು ಬರೆದಿಡಿ. ಅರ್ಧ ಜೀವ ಹಿಡಿದುಕೊಂಡ ಸಂಪರ್ಕಕ್ಕಿಂತ ಪೂರ್ತಿ ಸತ್ತ ಸಂಪರ್ಕ ಮೇಲು. ಸತ್ತದ್ದಾದರೆ ಮತ್ತೆ ಹುಟ್ಟುತ್ತದೆ.

ಈಗ ಹೊಸದಾಗಿ ಶುರು ಮಾಡುವವರಿಗೆ ನನ್ನ ಓಟು ವೈರ್‌ಗಾರ್ಡಿಗೆ. ಜೇಸನ್ ಡೋನೆನ್‌ಫೆಲ್ಡ್ ಬರೆದ ಈ ಪುಟ್ಟ ವಿಪಿಎನ್ 2020ರ ಮಾರ್ಚಿನಲ್ಲಿ ಲಿನಕ್ಸಿನ 5.6ನೇ ಆವೃತ್ತಿಯೊಳಗೇ ಸೇರಿತು. ಇದರಲ್ಲಿ ಕರೆ ‘ಕಡಿಯುವುದು’ ಎಂಬುದೇ ಇಲ್ಲ. ಪ್ರತಿ ಡೇಟಾ ಪೊಟ್ಟಣವೂ ಕೀಲಿಯಿಂದ ತನ್ನ ಗುರುತು ತಾನೇ ಹೇಳಿಕೊಳ್ಳುತ್ತದೆ. ಮನೆಯ ವಿಳಾಸ ನಡುರಾತ್ರಿ ಬದಲಾದರೂ, ಫೈಬರ್ ಹೋಗಿ ಮೊಬೈಲ್ ಡಾಂಗಲ್ ಮೇಲೆ ಬಂದರೂ ಸರ್ವರು ‘ಓ, ಇವನೇ, ಈಗ ಬೇರೆ ಕಡೆಯಿಂದ ಮಾತಾಡುತ್ತಿದ್ದಾನೆ’ ಎಂದು ತಿಳಿದು ಮುಂದುವರಿಯುತ್ತದೆ. ಸಿಜಿನ್ಯಾಟ್ ಮರೆಯದ ಹಾಗೆ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡ್ ಎಂದು ಮನೆಯ ಕಡೆ ಬರೆದರೆ ಸಾಕು. ಇದನ್ನೇ ಹೊದಿಸಿ, ಕೀಲಿ ಹಂಚುವ ತಲೆನೋವನ್ನೂ ತೆಗೆದು ಕೊಡುವ ಟೇಲ್‌ಸ್ಕೇಲ್‌ನಂಥ ಸೇವೆಗಳಿವೆ. ತಮಾಷೆ ಎಂದರೆ ಟೇಲ್‌ಸ್ಕೇಲ್ ನಿಮ್ಮ ಯಂತ್ರಗಳಿಗೆ ಕೊಡುವ ವಿಳಾಸಗಳು ಸಿಜಿನ್ಯಾಟಿಗೆಂದು ತೆಗೆದಿಟ್ಟ ಅದೇ 100.64ರ ಕೇರಿಯವು.

ಎಲ್ಲ ಸರಿಹೋಯಿತು, ಲಾಗಿನ್ ಆಗುತ್ತದೆ, ಚಿಕ್ಕ ಆಜ್ಞೆಗಳಿಗೆ ಉತ್ತರ ಬರುತ್ತದೆ, ಆದರೆ ದೊಡ್ಡ ಫೈಲ್ ಕಳಿಸಿದ ಕೂಡಲೇ ನಿಂತುಬಿಡುತ್ತದೆ ಎನ್ನುವವರಿಗೆ ಒಂದು ಮಾತು. ಅದು ಪೊಟ್ಟಣದ ಗಾತ್ರದ ತಕರಾರು. ಪಿಪಿಪಿಒಇ ಎಂಬ ವಿಧಾನದಲ್ಲಿ ಲಾಗಿನ್ ಮಾಡಿಸುವ ಕನೆಕ್ಷನ್ನುಗಳಲ್ಲಿ ಮಾಮೂಲಿನ 1500 ಬೈಟಿಗೆ ಬದಲು 1492 ಮಾತ್ರ ತೂರುತ್ತದೆ. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಎಂದುಕೊಂಡಿರುತ್ತದೆ. ಸುತ್ತುಗಟ್ಟಿದ ಮೇಲೆ ಕೆಲವು ಕಡೆ ಅದು ಎಂಟು ಬೈಟು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುತ್ತದೆ. 1412ಕ್ಕೋ, ಇನ್ನೂ ಅನುಮಾನವಿದ್ದರೆ 1380ಕ್ಕೋ ಇಳಿಸಿ ನೋಡಿ.

ದೂರದ ಯಂತ್ರವನ್ನು ಇಲ್ಲಿಯದರ ಜೊತೆ ಬಿಗಿಯುವ ಈ ಕಸರತ್ತು ನಮ್ಮ ದಂಡು ಪ್ರದೇಶಕ್ಕೆ ಹೊಸದೇನಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ಚಿಪ್ ವಿನ್ಯಾಸಕ್ಕೆ ನೆರವಾಗುವ ಸಾಫ್ಟ್‌ವೇರ್ ಬರೆಯುವ ಕಚೇರಿ ತೆರೆಯಿತು. ಆಗ ಸಾಮಾನ್ಯರಿಗೆ ಇಂಟರ್ನೆಟ್ಟೇ ಇಲ್ಲ. ವಿಎಸ್‌ಎನ್‌ಎಲ್ ಅದನ್ನು ಕೊಡಲು ಶುರು ಮಾಡಿದ್ದು ಹತ್ತು ವರ್ಷದ ನಂತರ, 1995ರ ಆಗಸ್ಟ್ 15ರಂದು. ಇಲ್ಲಿಯ ಕೆಲಸ ಅಲ್ಲಿಯ ಕಂಪ್ಯೂಟರಿಗೆ ಹೋಗಬೇಕಾದರೆ ಉಪಗ್ರಹವೇ ಗತಿ. ಖಾಸಗಿಯವರು ತಮ್ಮಷ್ಟಕ್ಕೆ ಡಿಶ್ ನೆಟ್ಟು ಹೊರದೇಶದ ಜೊತೆ ಮಾತಾಡುವಂತಿರಲಿಲ್ಲ, ಎಲ್ಲಕ್ಕೂ ದೆಹಲಿಯ ಅಪ್ಪಣೆ ಬೇಕು. ಆ ಡಿಶ್ ಎತ್ತಿನ ಗಾಡಿಯಲ್ಲಿ ಬಂತೆಂಬ ಕತೆಯನ್ನು ಇಲ್ಲಿಯ ಐಟಿಯವರು ಇವತ್ತಿಗೂ ಚಪ್ಪರಿಸಿ ಹೇಳುತ್ತಾರೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಒಂದು ಅಕ್ಷರ ಒತ್ತಿದರೆ ಅದು ಮೇಲೇರಿ, ಕೆಳಗಿಳಿದು, ಉತ್ತರವೂ ಹಾಗೆಯೇ ಏರಿಳಿದು ಬರಲು ಹತ್ತಿರ ಹತ್ತಿರ ಅರ್ಧ ಸೆಕೆಂಡು. ಮಿಲ್ಲರ್ಸ್ ರಸ್ತೆಯವರಿಗೆ ಸಿಕ್ಕಿದ್ದೂ ಹಗಲೂ ರಾತ್ರಿ ತೆರೆದೇ ಇರುವ, ತಮಗೆ ಮಾತ್ರ ಮೀಸಲಾದ ಒಂದು ಕರೆಯೇ. ಅಂಥ ಕರೆಯನ್ನು ವೈರ್‌ಗಾರ್ಡ್ ಈಗ ನೂರಾರು ಮನೆ ಹಂಚಿಕೊಂಡ ಬೀದಿಯ ಫೈಬರಿನಲ್ಲಿ ಬಿಟ್ಟಿಯಾಗಿ ಹುಟ್ಟಿಸುತ್ತದೆ. ದೆಹಲಿಯ ಅಪ್ಪಣೆಯೂ ಬೇಡ, ಎತ್ತೂ ಬೇಡ. ಅಂದಹಾಗೆ ಸರ್ವರು ಮುಂಬಯಿಯಲ್ಲೇ ಇರಬೇಕೆಂದಿಲ್ಲ. ಅಮೆಜಾನ್ ಮುಂಬಯಿಗೆ ಬಂದ 2016ರಲ್ಲೇ ಡಿಜಿಟಲ್ ಓಷನ್ ಬೆಂಗಳೂರಿನಲ್ಲಿ ಬಾಗಿಲು ತೆರೆದಿದೆ.

ಸಾಫ್ಟ್‌ವೇರಿನ ಕತೆ ಇಲ್ಲಿಗೆ ಮುಕ್ಕಾಲು ಮುಗಿಯಿತು. ಉಳಿದ ಕಾಲು ಭಾಗ ಬೀದಿಯದು. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಹಲಸೂರಿನ ಹಳೆಯ ಬೀದಿಗಳಲ್ಲಿ ತಲೆಯೆತ್ತಿ ನೋಡಿ. ಲೈಟ್ ಕಂಬದಿಂದ ಹೊಂಗೆ ಮರಕ್ಕೆ, ಮರದಿಂದ ಯಾರದೋ ತಾರಸಿಯ ಪಿಲ್ಲರಿಗೆ, ಅಲ್ಲಿಂದ ಮುಂದಿನ ಕಂಬಕ್ಕೆ ಕಪ್ಪು ಕೇಬಲ್ಲುಗಳ ಜಡೆ. ಮಿಕ್ಕದ್ದನ್ನು ಸುರುಳಿ ಸುತ್ತಿ ಕೊಂಬೆಗೆ ನೇತುಹಾಕಿರುತ್ತಾರೆ. ಪಾಲಿಕೆಯವರು ಆಗಾಗ ಕತ್ತರಿ ಹಿಡಿದು ಬರುತ್ತಾರೆ, ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮಳೆಮರದ ಕೊಂಬೆ ಮುರಿದು ಬೀಳುತ್ತದೆ, ಲಾರಿಯೊಂದು ಎತ್ತರದ ಲೋಡು ಹೊತ್ತು ಒಳರಸ್ತೆಗೆ ನುಗ್ಗುತ್ತದೆ. ನೆಲದಡಿ ಹೋದರೆ ಸುಖ ಎಂದುಕೊಳ್ಳುವಂತಿಲ್ಲ. ಮೆಟ್ರೊ ಗುಲಾಬಿ ಮಾರ್ಗದ ಸುರಂಗ ಶಿವಾಜಿನಗರ, ದಂಡು, ಪಾಟರಿ ಟೌನುಗಳ ಕೆಳಗೆ ಹಾದಿದೆ, ಕೆ.ಆರ್. ಪುರದ ಕಡೆ ನೀಲಿ ಮಾರ್ಗ. ಅಗೆತದ ಊರಿನಲ್ಲಿ ಜೆಸಿಬಿಯ ಹಲ್ಲಿಗೆ ಸಿಗದ ಕೇಬಲ್ ಕಡಿಮೆ.

ಕಡಿದಾಗ ಮನೆಯ ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂದು ಬರೆದಲ್ಲಿ ಕೆಂಪು ದೀಪ ಮಿಣುಕುತ್ತದೆ. ದೂರು ಕೊಟ್ಟರೆ ಆ ಕಡೆಯ ಹುಡುಗ ಮೊದಲು ಕೇಳುವುದೂ ಅದನ್ನೇ: ‘ಮೇಡಂ, ರೆಡ್ ಲೈಟ್ ಬಂದಿದ್ಯಾ?’ ಬಂದಿದೆ ಎಂದರೆ ಬೆಳಕೇ ಮನೆಗೆ ಮುಟ್ಟುತ್ತಿಲ್ಲ, ರೂಟರನ್ನು ಎಷ್ಟು ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ. ಅವನು ಬಂದು ಕೆಲಸ ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ಸ್ಕೂಟರಿನ ಸೀಟಿನ ಮೇಲೆ ಪುಟ್ಟ ಸ್ಪ್ಲೈಸಿಂಗ್ ಮಷಿನ್ ಇಟ್ಟು, ಕೇಬಲ್ಲಿನ ಸಿಪ್ಪೆ ಸುಲಿದು, 125 ಮೈಕ್ರಾನ್ ದಪ್ಪದ ಗಾಜಿನ ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸುತ್ತಾನೆ. ಬೆಳಕು ನಿಜವಾಗಿ ಹರಿಯುವುದು ಅದರ ನಡುವಿನ ಒಂಬತ್ತು ಮೈಕ್ರಾನ್ ತಿರುಳಿನಲ್ಲಿ. ಮಷಿನ್ನಿನ ಪರದೆಯ ಮೇಲೆ ಎರಡು ತುದಿಗಳು ಮೆಲ್ಲಗೆ ಸರಿದು ಬಂದು ಎದುರುಬದುರಾಗುತ್ತವೆ, ಒಂದು ಕಿಡಿ, ಎಳೆ ಒಂದಾಯಿತು. ಎರಡು ಬೆರಳಿನಷ್ಟು ತೋಳು ಹಾಕಿ ಬಿಸಿ ಮಾಡಿ ಮುಚ್ಚುತ್ತಾನೆ. ಪಕ್ಕದಲ್ಲಿ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಕೈ ಅಲ್ಲಾಡುವುದಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಎರಡನೇ ಕಂಪನಿಯ ಕನೆಕ್ಷನ್ನು. ಕೊಳ್ಳುವ ಮುಂಚೆ ಮನೆ ಮುಂದಿನ ಮರವನ್ನು ನೋಡಿ. ಇಬ್ಬರ ಕೇಬಲ್ಲೂ ಅದೇ ಕೊಂಬೆಗೆ ಕಟ್ಟಿದ್ದರೆ ದುಡ್ಡು ಎರಡು, ಕೊಂಬೆ ಒಂದೇ. ಮರದ ಹಂಗಿಲ್ಲದ ಮೊಬೈಲ್ ಡಾಂಗಲ್ ಲೇಸು. ಅದೂ ಸಿಜಿನ್ಯಾಟಿನ ಹಿಂದೆಯೇ ಇರುತ್ತದೆ, ಇರಲಿ. ಕರೆ ಮನೆಯಿಂದಲೇ ಹೋಗುವಾಗ ಯಾವ ಬಾಗಿಲಿಂದ ಹೋದರೇನು?

ಕರೆಂಟಿನ ಲೆಕ್ಕ ಬೇರೆ. ‘ತುರ್ತು ನಿರ್ವಹಣಾ ಕಾಮಗಾರಿ ನಿಮಿತ್ತ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ’ ಎಂಬ ಸುದ್ದಿಯನ್ನು ಪತ್ರಿಕೆಯ ಸ್ಥಳೀಯ ಪುಟದಲ್ಲಿ ಓದದವರು ಯಾರು? ಮನೆಯ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ, ಕೈಗೆ ಬರುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಫೈಬರ್ ಪೆಟ್ಟಿಗೆ, ರೂಟರ್, ರಾಸ್ಪ್‌ಬೆರಿ ಪೈಯಂಥ ಪುಟ್ಟ ಬೋರ್ಡು ಮೂರೂ ಸೇರಿ 25 ವ್ಯಾಟ್ ಎಂದರೂ ಒಂದು ಹಗಲು ರಾತ್ರಿ ಆರಾಮ. ದೊಡ್ಡ ಕಂಪ್ಯೂಟರು ಹಾಗಲ್ಲ. ಅದಕ್ಕೇ ನಾನು ಸೂಚಿಸುವ ಏರ್ಪಾಟು: ಸದಾ ಎಚ್ಚರವಿರುವುದು ಆ ಪುಟ್ಟ ಬೋರ್ಡು, ಕರೆ ಹಿಡಿದುಕೊಂಡಿರುವುದೂ ಅದೇ. ಕೆಲಸ ಬಂದಾಗ ಮಾತ್ರ ‘ವೇಕ್ ಆನ್ ಲ್ಯಾನ್’ ಪೊಟ್ಟಣ ಕಳಿಸಿ ಅದು ದೊಡ್ಡಣ್ಣನನ್ನು ಎಬ್ಬಿಸಲಿ. ತಿಂಗಳ ಬೆಸ್ಕಾಂ ಬಿಲ್ಲಿಗೂ ಹಿತ.

ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಕರೆಂಟು ಹೋದ ಕೂಡಲೇ ಇಂಟರ್ನೆಟ್ ಹೋಗುತ್ತದೆಯೆ? ಹಾಗಿದ್ದರೆ ತಪ್ಪು ನಿಮ್ಮ ಮನೆಯಲ್ಲಿಲ್ಲ. ಈಗಿನ ಜಿಪಾನ್ ಫೈಬರಿನಲ್ಲಿ ಬೀದಿಯ ಮೇಲಿರುವುದು ಬೆಳಕನ್ನು ಹಂಚುವ ಗಾಜಿನ ಸ್ಪ್ಲಿಟರ್, ಅದಕ್ಕೆ ಕರೆಂಟೇ ಬೇಡ. ಹಳೆಯ ಏರ್ಪಾಟಿನಲ್ಲಿ ಫೈಬರ್ ಮೂಲೆಮನೆಯ ತಾರಸಿಯವರೆಗೆ ಬಂದು, ಅಲ್ಲಿ ಒಂದು ಸ್ವಿಚ್ಚಿಗೆ ಸೇರಿ, ಮುಂದೆ ತಾಮ್ರದ ಕೇಬಲ್ಲಿನಲ್ಲಿ ಮನೆಗಳಿಗೆ ಹೋಗುತ್ತದೆ. ಆ ಸ್ವಿಚ್ಚು ಉಸಿರಾಡುವುದು ಮೂಲೆಮನೆಯ ಕರೆಂಟಿನಿಂದ. ಹೊಸ ಕನೆಕ್ಷನ್ ಕೊಡಲು ಬಂದವರನ್ನು ಸ್ಪೀಡ್ ಎಷ್ಟು ಎಂದು ಕೇಳುವ ಮುಂಚೆ ‘ಫೈಬರ್ ಮನೆಯೊಳಗೇ ಬರುತ್ತಾ?’ ಎಂದು ಕೇಳಿ. ಜಿಪಾನ್ ಪೆಟ್ಟಿಗೆಯಲ್ಲಿ ಇನ್ನೊಂದು ಸೊಗಸಿದೆ. ಕರೆಂಟು ಹೋದರೆ ಒಳಗಿನ ಕೆಪ್ಯಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಿಂದ ‘ನನಗೆ ಕರೆಂಟು ಹೋಯಿತು’ ಎಂದು ಕಂಪನಿಗೆ ಒಂದು ಸಂದೇಶ ಕಳಿಸಿಯೇ ಆರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಕಡಿದದ್ದು ಕೇಬಲ್ಲೋ ಹೋದದ್ದು ಕರೆಂಟೋ ಎಂದು ಅವರಿಗೆ ತಿಳಿಯುವುದು ಹೀಗೆ.

ಯಂತ್ರಕ್ಕೂ ನಾಲ್ಕು ಬುದ್ಧಿ ಹೇಳಿಡಬೇಕು. ಬಯಾಸಿನಲ್ಲಿ ಕರೆಂಟು ಮರಳಿದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಕೊಂಡಾಗ ಅದು ಸಾಮಾನ್ಯವಾಗಿ ಆಫ್. ಲ್ಯಾಪ್‌ಟಾಪಾದರೆ ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದಂತೆ ಮಾಡಿ. ಇಡೀ ಡಿಸ್ಕಿಗೆ ಪಾಸ್‌ಫ್ರೇಸ್ ಬೀಗ ಹಾಕಿದ್ದರೆ ಯಂತ್ರ ಎದ್ದು ‘ಪಾಸ್‌ಫ್ರೇಸ್?’ ಎಂದು ಕೇಳುತ್ತ, ನೀವು ಊರಿನಿಂದ ಬರುವವರೆಗೆ ಹಾಗೆಯೇ ಕೂತಿರುತ್ತದೆ. ವ್ಯವಸ್ಥೆಯ ಭಾಗವನ್ನು ತೆರೆದಿಟ್ಟು, ಮನೆಯ ಮತ್ತು ಗಿರಾಕಿಗಳ ಕಡತಗಳಿಗಷ್ಟೇ ಬೀಗ ಹಾಕಿ ದೂರದಿಂದ ತೆರೆಯುವುದು ನನ್ನ ಆಯ್ಕೆ. ಒಪ್ಪದವರೂ ಇದ್ದಾರೆ, ಅವರ ವಾದದಲ್ಲೂ ಹುರುಳಿದೆ.

ಒಂದು ಎಚ್ಚರಿಕೆಯನ್ನು ಯಾರೂ ಬೇಗ ಹೇಳುವುದಿಲ್ಲ. ಲೋಕದ ಕಣ್ಣಿಗೆ ಬಿದ್ದಿರುವುದು ಆ ಪುಟ್ಟ ಸರ್ವರು. ಅದು ಕಳ್ಳರ ಕೈಸೇರಿದರೆ ನೀವೇ ತೋಡಿದ ಸುರಂಗ ನಿಮ್ಮ ಹಾಲಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ವೈರ್‌ಗಾರ್ಡಿನ ಮೂಲಕ ಬಂದವರಿಗೆ ಆ ಒಂದು ಯಂತ್ರ, ಅದರ ಒಂದೆರಡು ಪೋರ್ಟ್ ಮಾತ್ರ ಕಾಣಬೇಕು, ಮನೆಯ ಉಳಿದ ನೆಟ್‌ವರ್ಕಿಗೆ ಫೈರ್‌ವಾಲಿನ ಅಡ್ಡಗೋಡೆ ಬೇಕು. ಒಳಬರುವ ಬಳಕೆದಾರನ ಹೆಸರೂ ಬೇರೆ ಇರಲಿ, ಪಾಸ್‌ವರ್ಡ್ ಪೂರ್ತಿ ಬಂದ್, ಕೀಲಿ ಮಾತ್ರ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಟರ್ಮಿನಲ್ಲಿನಲ್ಲಿ ಮಾಡುವ ಪರೀಕ್ಷೆ ಪರೀಕ್ಷೆಯಲ್ಲ. ಮೊಬೈಲಿನಲ್ಲಿ ಸರ್ವರಿಗೆ ಲಾಗಿನ್ ಆಗಿ ಇಟ್ಟುಕೊಂಡು, ಮನೆಯ ಎಂಸಿಬಿ ಇಳಿಸಿ, ಇನ್ವರ್ಟರನ್ನೂ ಆರಿಸಿ, ಸಿಎಂಎಚ್ ರಸ್ತೆಗೆ ಹೋಗಿ ಕಾಫಿ ಕುಡಿದು ಬಂದು, ಮತ್ತೆ ಸ್ವಿಚ್ ಏರಿಸಿ. ಯಾವ ಕೀಬೋರ್ಡನ್ನೂ ಮುಟ್ಟದೆ ಐದು ನಿಮಿಷದಲ್ಲಿ ಮುಂಬಯಿಯಿಂದ ಮನೆ ಸಿಕ್ಕರೆ ಪಾಸು. ಆಮೇಲೆ ಫೈಬರಿನ ತಂತಿಯೊಂದನ್ನೇ ಕಿತ್ತು, ಡಾಂಗಲ್ ಕೈಹಿಡಿಯುತ್ತದೆಯೇ ನೋಡಿ. ಮನೆಯಿಂದ ಹತ್ತು ನಿಮಿಷ ಹಲೋ ಬರದಿದ್ದರೆ ನಿಮಗೆ ಮೆಸೇಜು ಕಳಿಸುವ ಕೆಲಸವನ್ನು ಸರ್ವರಿಗೆ ವಹಿಸಿ. ಬಿದ್ದುಹೋದ ಮನೆ ತಾನು ಬಿದ್ದೆ ಎಂದು ಹೇಳಲಾರದು.

ಟೇಲ್‌ಸ್ಕೇಲ್ ಹಾಕಿಕೊಂಡವರು ಇನ್ನೊಂದನ್ನು ಇವತ್ತೇ ಮಾಡಿ. ಅದರ ಕೀಲಿಗೆ 180 ದಿನದ ಆಯಸ್ಸು, ಬೇರೆ ಹೇಳದಿದ್ದರೆ. ಆರು ತಿಂಗಳು ತೊಂದರೆಯಿಲ್ಲದೆ ಓಡಿ, ನೀವು ಧಾರವಾಡದಲ್ಲೋ ಡಲ್ಲಾಸಿನಲ್ಲೋ ಇರುವಾಗ ಮತ್ತೆ ಲಾಗಿನ್ ಆಗು ಎಂದು ಹಟ ಹಿಡಿಯುತ್ತದೆ. ಅವರ ಅಡ್ಮಿನ್ ಪುಟಕ್ಕೆ ಹೋಗಿ, ಮನೆಯ ಯಂತ್ರದ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, ಕೀಲಿಯ ಅವಧಿ ಮುಗಿಯುವುದನ್ನು ರದ್ದು ಮಾಡಿಬಿಡಿ.